ಪಂಪಿನ ಕೋಣೆಯ ಗುಜರಿ ವ್ಯಾಪಾರ

"ನಾನು ತೆರಿಗೆ ಕಟ್ಟುವವಳಲ್ಲ ಅಂತ ಒಂದು ಕಾಗದದಲ್ಲಿ ಬರೆದು ಕೊಡಿ ಮೇಡಂ" ಎಂದು ಕೇಳಿಕೊಂಡು ಜನ ತೆರಿಗೆ ಕಚೇರಿಗೆ ಬರುತ್ತಾರೆಂದು ತರಬೇತಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಕೆಲಸ ಇದಕ್ಕೆ ತೀರಾ ಉಲ್ಟಾ. ಬಿಲ್ಲು ಕೊಡದೆ ಮಾರುವವರನ್ನು, ಮಾರಿದ್ದರಲ್ಲಿ ಕಾಲುಭಾಗ ಮಾತ್ರ ತೋರಿಸುವವರನ್ನು ಹುಡುಕಿ ಹಿಡಿದು, ನೀವು ತೆರಿಗೆ ಕಟ್ಟಬೇಕಾದವರು ಎಂದು ಅವರ ಬಾಯಿಂದಲೇ ಒಪ್ಪಿಸುವುದು. ಆದರೆ ಆ ವರ್ಷ ನಮ್ಮ ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ, ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರು.

ಕಾರಣ ಇಷ್ಟೇ. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಹಾಕುವ ಯೋಜನೆಯನ್ನು ಸರ್ಕಾರ ತಂದಿತ್ತು. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆಯವರಿಗೆ ಅದು ಇಲ್ಲ. ಯಾರು ಕಟ್ಟುವವರು, ಯಾರು ಅಲ್ಲ ಎಂಬುದನ್ನು ಕಂಪ್ಯೂಟರ್ ತಾಳೆ ನೋಡುತ್ತದೆ, ಹೆಸರು ಕೂಡಿ ಬಂದರೆ ಹಣ ನಿಲ್ಲುತ್ತದೆ. ನಿಂತವರನ್ನು ಯೋಜನೆಯ ಕಚೇರಿಯವರು ನಮ್ಮಲ್ಲಿಗೆ ಕಳಿಸುತ್ತಿದ್ದರು. ನಾವು ಪ್ಯಾನ್ ನಂಬರ್ ಹಾಕಿ ನೋಡಿ, ಏನೂ ಕಾಣದಿದ್ದರೆ "ಇವರ ಹೆಸರಿನಲ್ಲಿ ನೋಂದಣಿ ಇರುವುದಿಲ್ಲ" ಎಂದು ಬರೆದು ಮೊಹರು ಹಾಕಿ ಕೊಡುವುದು. ಚಹಾ ಆರುವುದರೊಳಗೆ ಮುಗಿಯುವ ಕೆಲಸ.

ನಾನಾಗ ಬಿ.ಸಿ. ರೋಡಿನ ಕಚೇರಿಯಲ್ಲಿ ತೆರಿಗೆ ಪರಿವೀಕ್ಷಕಿ. ಮನೆ ಮೂಡುಬಿದಿರೆ. ದಿನವೂ ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಮಳೆ ಬಿಟ್ಟು ಬಿಸಿಲು ಕಾಯತೊಡಗಿದ ದಿನಗಳಲ್ಲಿ ಒಂದು ಬೆಳಿಗ್ಗೆ ಒಬ್ಬರು ಅಕ್ಕ ಬಂದರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಕುಳಿತುಕೊಳ್ಳಿ ಎಂದರೆ ಕುರ್ಚಿಯ ತುದಿಯಲ್ಲಿ ಕೂರುವ ಪೈಕಿ ಅಲ್ಲ. ಸರಿಯಾಗಿ ಒರಗಿ ಕೂತು, ಫ್ಯಾನಿನ ಗಾಳಿ ತನ್ನ ಕಡೆ ಬರುವಂತೆ ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡರು.

"ಯಾವ ಊರು ಅಕ್ಕ?" ಎಂದು ಕೇಳಿದೆ.

"ವಾಮದಪದವು. ಅಲ್ಲಿಂದ ಸ್ವಲ್ಪ ಒಳಗೆ. ಬೀಡಿ ಕಟ್ತೇನೆ. ನಮ್ಮವರು ಕೆಂಪುಕಲ್ಲು ಕಡಿಯುವ ಕೋರೆಗೆ ಹೋಗ್ತಾರೆ. ನಮ್ಮಲ್ಲಿ ಟ್ಯಾಕ್ಸ್ ಕಟ್ಟುವಂಥದ್ದು ಎಂತದೂ ಇಲ್ಲ ಮೇಡಂ. ಸುತ್ತಮುತ್ತ ಎಲ್ಲರಿಗೂ ದುಡ್ಡು ಬರ್ತದೆ, ನನಗೆ ಮಾತ್ರ ಇಲ್ಲ. ಪಕ್ಕದ ಮನೆಯವಳು ಕೇಳ್ತಾಳೆ, ನೀನು ಯಾರಿಗೂ ಹೇಳದೆ ಎಲ್ಲಿಯಾದ್ರೂ ಅಂಗಡಿ ಇಟ್ಟಿದ್ದೀಯಾ ಅಂತ."

ನಾನು ನಗುತ್ತಲೇ ಪ್ಯಾನ್ ನಂಬರ್ ಹಾಕಿದೆ. ನಗು ಅಲ್ಲಿಗೇ ನಿಂತಿತು. ಪರದೆಯ ಮೇಲೆ ಅಕ್ಕನ ಹೆಸರೇ ಬಂತು. ಅದರ ಕೆಳಗೆ ಒಂದು ಎಂಟರ್‌ಪ್ರೈಸಸ್, ಮಾಲಕಿ ಅವರೇ. ವ್ಯಾಪಾರ ಗುಜರಿ ಕಬ್ಬಿಣದ್ದು. ವಿಳಾಸ ಮೆಲ್ಕಾರ್. ನೋಂದಣಿ ಚಾಲ್ತಿಯಲ್ಲಿದೆ.

"ಅಕ್ಕ, ನಿಮಗೆ ಮೆಲ್ಕಾರಿನಲ್ಲಿ ಗುಜರಿ ಅಂಗಡಿ ಉಂಟಾ?"

ಅವರು ನನ್ನ ಮುಖವನ್ನೇ ನೋಡಿದರು. ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅವರೇ ನಗತೊಡಗಿದರು. "ಗುಜರಿಯಾ? ಗುಜರಿಯವನು ಮನೆ ಬಾಗಿಲಿಗೆ ಬಂದ್ರೆ ಕೊಡ್ಲಿಕ್ಕೆ ಒಂದು ತೂತು ಕೊಡಪಾನ ಇಲ್ಲ ನಮ್ಮಲ್ಲಿ."

ಆ ಅಂಗಡಿ ಸಲ್ಲಿಸಿದ ವಿವರಗಳನ್ನು ತೆರೆದು ನೋಡಿದೆ. ಕೆಲವೇ ತಿಂಗಳಲ್ಲಿ ಕೋಟಿ ದಾಟಿದ ಮಾರಾಟ. ಅಂಕಿಯನ್ನು ಅಕ್ಕನಿಗೆ ಹೇಳಲಿಲ್ಲ. ಎರಡು ದಿನ ಬಿಟ್ಟು ಬನ್ನಿ, ನಾನು ನೋಡ್ತೇನೆ ಎಂದು ಹೇಳಿ ಕಳಿಸಿದೆ.

ಇಂಥ ಅಂಗಡಿಗಳ ಬಗ್ಗೆ ನಮಗೆ ಗೊತ್ತು. ಮಾಲು ಮಾರುವವನು ಗಿರಾಕಿಯಿಂದ ತೆರಿಗೆ ತೆಗೆದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಆ ಗಿರಾಕಿ ಇನ್ನೊಬ್ಬನಿಗೆ ಮಾರುವಾಗ, ತಾನು ಆಗಲೇ ಕೊಟ್ಟ ತೆರಿಗೆಯನ್ನು ತನ್ನ ಬಾಕಿಯಲ್ಲಿ ಮುರಿದುಕೊಳ್ಳಬಹುದು. ಪದ್ಧತಿ ಒಳ್ಳೆಯದೇ. ಆದರೆ ಕೆಲವರು ಮಾಲೇ ಇಲ್ಲದೆ ಬರೀ ಬಿಲ್ಲು ಮಾರುತ್ತಾರೆ. ಬಿಲ್ಲು ಕೊಂಡವನು ಯಾರೂ ಕಟ್ಟದ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾನೆ. ಖಜಾನೆಗೆ ಬರಬೇಕಾದದ್ದು ದಾರಿಯಲ್ಲೇ ಆವಿಯಾಗುತ್ತದೆ. ಇದಕ್ಕೆಲ್ಲ ಒಂದು ಹೆಸರು ಬೇಕು, ಒಂದು ಪ್ಯಾನ್ ಬೇಕು. ಅದನ್ನು ಬಡವರಿಂದ ಎತ್ತುತ್ತಾರೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿ ಗೊತ್ತುಪಡಿಸಿದ ದಿನಗಳೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ನೋಂದಣಿ ತಾನಾಗಿಯೇ ಸಿಕ್ಕಿಬಿಡುತ್ತದೆ.

ಸರ್ಕಾರಕ್ಕೆ ಹಣ ಬರುವುದು ಈ ತೆರಿಗೆಯಿಂದ, ಜಾಗದ ನೋಂದಣಿಯಿಂದ, ಹೆಂಡದಿಂದ, ವಾಹನದಿಂದ, ದೆಹಲಿ ಕೊಡುವ ಪಾಲಿನಿಂದ, ಸಾಲದಿಂದ. ಹೋಗುವುದು ನಮ್ಮಂಥವರ ಸಂಬಳಕ್ಕೆ, ಪಿಂಚಣಿಗೆ, ಬಡ್ಡಿಗೆ, ಶಾಲೆ ಆಸ್ಪತ್ರೆ ರಸ್ತೆಗೆ, ಈಗ ಈ ಅಕ್ಕಂದಿರ ಎರಡು ಸಾವಿರಕ್ಕೆ. ಇಷ್ಟು ವರ್ಷ ಬರುವ ಬಾಗಿಲಿನಲ್ಲಿ ನಿಂತು ಕೆಲಸ ಮಾಡಿದವಳು ನಾನು. ಹೋಗುವ ಬಾಗಿಲಿನಲ್ಲಿ ಯಾರು ನಿಂತಿದ್ದಾರೆ ಎಂದು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ನಮ್ಮ ಅಧಿಕಾರಿ ವಿಜಯಪುರದ ಕಡೆಯವರು. ಕರಾವಳಿಗೆ ಬಂದು ವರ್ಷ ಕಳೆದರೂ ಕುಚ್ಚಲಕ್ಕಿ ಅನ್ನವನ್ನು ಅವರು ಇನ್ನೂ ಕ್ಷಮಿಸಿರಲಿಲ್ಲ. ಪರದೆ ನೋಡಿ ಕನ್ನಡಕ ತೆಗೆದಿಟ್ಟರು.

"ಏನ್ರೀ ಮೇಡಂ ಇದು. ಈ ಅಕ್ಕಾರು ನಮ್ಮ ತಾಲೂಕಿನ್ಯಾಗ ಭಾಳ ದೊಡ್ಡ ವ್ಯಾಪಾರಸ್ಥರು ಆಗ್ಯಾರಲ್ಲ."

ನಮ್ಮ ಮುಂದೆ ಎರಡು ಸುಲಭದ ದಾರಿಗಳಿದ್ದವು. ಒಂದು, "ನೋಂದಣಿ ಇದೆ" ಎಂದು ಬರೆದು ಕೊಟ್ಟು ಕೈ ತೊಳೆದುಕೊಳ್ಳುವುದು. ಸುಳ್ಳೇನಲ್ಲ. ಇನ್ನೊಂದು, ಇವತ್ತಿನ ತಾರೀಖಿಗೆ ಆ ನೋಂದಣಿಯನ್ನು ರದ್ದು ಮಾಡುವುದು. ಆದರೆ ಇವತ್ತಿನ ತಾರೀಖಿಗೆ ರದ್ದಾದರೆ ನಿನ್ನೆಯವರೆಗಿನ ವ್ಯಾಪಾರ ಅಕ್ಕನದ್ದೇ ಎಂದಾಗುತ್ತದೆ. ಒಂದಲ್ಲ ಒಂದು ದಿನ ಅದರ ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ವಾಮದಪದವಿನ ಮನೆಗೆ ನೋಟಿಸು ಹೋಗುತ್ತದೆ.

"ಒಮ್ಮೆ ಸ್ಥಳ ನೋಡಿ ಬರ್ತೇನೆ ಸರ್" ಎಂದೆ.

"ಹೋಗ್ರಿ. ಫೋಟೋ ಮಾತ್ರ ಚಲೋ ತಗೊಂಡು ಬರ್ರಿ."

ಮೆಲ್ಕಾರಿನ ಆ ಕಟ್ಟಡ ಸಿಕ್ಕುವುದಕ್ಕೆ ಕಷ್ಟವಾಗಲಿಲ್ಲ. ಹೆದ್ದಾರಿಯ ಬದಿಯಲ್ಲೇ ಇತ್ತು. ಕೆಳಗೆ ಮೊಬೈಲ್ ಅಂಗಡಿ, ಬೇಕರಿ, ಕಾಲೇಜು ಮಕ್ಕಳ ಜೆರಾಕ್ಸ್ ಅಂಗಡಿ. ಮೇಲೆ ಹಲ್ಲಿನ ಡಾಕ್ಟರು, ಒಂದು ಟ್ಯೂಷನ್. ಆದರೆ ನನ್ನ ಬಳಿ ಇದ್ದ ಬಾಗಿಲಿನ ನಂಬರ್ ಎಲ್ಲೂ ಇರಲಿಲ್ಲ. ಕಟ್ಟಡದ ಮಾಲಕರು ಬೇಕರಿಯಲ್ಲೇ ಕೂತಿದ್ದರು. ಕೊಲ್ಲಿಯಲ್ಲಿ ದುಡಿದು ಬಂದು ಈ ಕಟ್ಟಡ ಕಟ್ಟಿಸಿದವರು.

"ಈ ನಂಬರಿನ ರೂಮು ನನ್ನ ಬಿಲ್ಡಿಂಗಿನಲ್ಲಿ ಇಲ್ಲ ಮೇಡಂ" ಎಂದರು. "ನಾನೇ ನಿಂತು ಕಟ್ಟಿಸಿದ್ದು. ಇಲ್ಲದ ರೂಮನ್ನು ಬಾಡಿಗೆಗೆ ಕೊಡ್ಲಿಕ್ಕೆ ಹೇಗೆ ಆಗ್ತದೆ?"

ವಿಳಾಸಕ್ಕೆ ಪುರಾವೆಯಾಗಿ ನೋಂದಣಿಯ ಅರ್ಜಿಯಲ್ಲಿ ಕರೆಂಟ್ ಬಿಲ್ಲಿನ ಫೋಟೋ ಹಾಕಿದ್ದರು. ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅವರು ಕನ್ನಡಕ ಏರಿಸಿ ಮೀಟರ್ ನಂಬರ್ ಓದಿದರು. ಎದ್ದು, "ಬನ್ನಿ" ಎಂದು ಮೆಟ್ಟಿಲಿನ ಕಡೆಗೆ ನಡೆದರು.

ಮೆಟ್ಟಿಲಿನ ಅಡಿಯಲ್ಲಿ, ತಲೆ ಬಗ್ಗಿಸಿದರೆ ಮಾತ್ರ ಹೋಗಬಹುದಾದ ಒಂದು ಗೂಡು. ಕಬ್ಬಿಣದ ಸರಳಿನ ಬಾಗಿಲು. ಒಳಗೆ ಟ್ಯಾಂಕಿಗೆ ನೀರು ಏರಿಸುವ ಪಂಪು, ಒಂದು ಬಕೆಟ್, ನೆಲ ಒರೆಸುವ ಕೋಲು. ಗೋಡೆಯಲ್ಲಿ ಆ ಮೀಟರ್. ಬಿಲ್ಲಿನವರು ಪ್ರತಿ ತಿಂಗಳು ಬಿಲ್ಲನ್ನು ಈ ಸರಳಿನ ಸಂದಿಗೆ ಸಿಕ್ಕಿಸಿ ಹೋಗುತ್ತಾರಂತೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಅದರ ಫೋಟೋ ತೆಗೆಯಬಹುದು.

"ಇಲ್ಲಿ ಎಷ್ಟರ ವ್ಯಾಪಾರ ಆಗಿದೆ ಅಂತ ತೋರಿಸ್ತದೆ?" ಎಂದು ಕೇಳಿದರು. ಕೋಟಿಯ ಮೇಲೆ ಎಂದೆ. ಅವರು ಸರಳು ಹಿಡಿದುಕೊಂಡು ಕೆಮ್ಮು ಬರುವವರೆಗೆ ನಕ್ಕರು.

"ಮರುಭೂಮಿಯಲ್ಲಿ ಅಷ್ಟು ವರ್ಷ ದುಡಿದೂ ನಾನು ಕೋಟಿ ನೋಡ್ಲಿಲ್ಲ ಮೇಡಂ. ನನ್ನ ಪಂಪು ನೋಡಿತು."

ಸ್ಥಳದ ಗುರುತು ಬೀಳುವಂತೆ ಪಂಪಿನ ಫೋಟೋ ತೆಗೆದೆ. ಇಲ್ಲಿ ಅಂಥ ವ್ಯಾಪಾರ ಇಲ್ಲ, ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ ಎಂದು ಬರೆದು ಸಹಿ ಮಾಡಿ ಕೊಡಿ ಎಂದಾಗ ಮಾತ್ರ ಅವರ ನಗು ಇಳಿಯಿತು.

"ನನ್ನ ಹೆಸರು ನಿಮ್ಮ ಆಫೀಸಿನಲ್ಲಿ ಬಂದ್ರೆ, ನಾಳೆ ನನ್ನ ಬಾಡಿಗೆಗೂ ಟ್ಯಾಕ್ಸ್ ಅಂತ ಬರ್ತೀರಾ?"

"ನಿಮ್ಮ ಬಾಡಿಗೆಯ ವಿಷಯ ಇವತ್ತಿನದ್ದಲ್ಲ."

"ಇವತ್ತಿನದ್ದಲ್ಲ ಅಂದ್ರೆ ನಾಳೆಯದ್ದಾ?"

ಬಾಡಿಗೆ ಎಷ್ಟು ದಾಟಿದರೆ ತೆರಿಗೆ ಕಟ್ಟಬೇಕು ಎಂದು ವಿವರಿಸಿದೆ. ಅವರು ಮನಸ್ಸಿನಲ್ಲೇ ಕೂಡಿಸಿ ಕಳೆದು, ತಾನು ಅದರ ಹತ್ತಿರವೂ ಇಲ್ಲ ಎಂದು ಗೊತ್ತಾದ ಮೇಲೆ ಸಹಿ ಹಾಕಿದರು. ಬೇಕರಿಯ ಬನ್ಸು ಕಟ್ಟಿ ಕೊಡಲು ಬಂದರು. ಬೇಡವೆಂದು ಹೇಳಿ ಬಸ್ಸು ಹತ್ತಿದೆ. ಬನ್ಸಿನ ವಾಸನೆ ಪಾಣೆಮಂಗಳೂರಿನ ಸೇತುವೆಯವರೆಗೂ ನೆನಪಿನಲ್ಲಿತ್ತು.

ಮಾರನೆಯ ದಿನ ಅಕ್ಕನ ಹೇಳಿಕೆ ಬರೆದುಕೊಳ್ಳಲು ವಾಮದಪದವಿಗೆ ಹೋದೆ. ಕಚೇರಿಗೇ ಕರೆಸಬಹುದಿತ್ತು. ಆದರೆ ಗುಜರಿ ವ್ಯಾಪಾರಿಯ ಮನೆಯನ್ನು ನಾನೇ ಕಣ್ಣಾರೆ ನೋಡಿದೆ ಎಂದು ವರದಿಯಲ್ಲಿ ಬರೆಯಬೇಕಿತ್ತು. ಮಣ್ಣಿನ ದಾರಿಯಲ್ಲಿ ಒಂದು ಮೋರಿ ಕುಸಿದಿತ್ತು. ಆಟೋದವರು ಅಲ್ಲೇ ಇಳಿಸಿದರು. ನಡೆದು ಹೋದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ಪ್ರಶ್ನೆ ಕೇಳಿದ್ದಕ್ಕೆ ಉತ್ತರ ಹೇಳುವಾಗಲೂ ಅವರ ಬೆರಳು ನಿಲ್ಲಲಿಲ್ಲ.

"ಪ್ಯಾನ್ ಕಾರ್ಡ್ ಯಾರಿಗಾದರೂ ಕೊಟ್ಟಿದ್ರಾ?"

"ಒಮ್ಮೆ ಕೊಟ್ಟಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬರು ಮೇಜು ಹಾಕಿ ಕೂತಿದ್ರು. ಹೆಂಗಸರಿಗೆ ಉಚಿತ ಹೊಲಿಗೆ ಮೆಷಿನ್ ಕೊಡುವುದಂತ ಹೇಳಿದ್ರು. ಆಧಾರ್, ಪ್ಯಾನ್, ಫೋಟೋ ಎಲ್ಲ ತೆಗೊಂಡ್ರು. ಒಳ್ಳೆ ಜನದ ಹಾಗೆ ಇದ್ರು ಮೇಡಂ. ಕುಡಿಲಿಕ್ಕೆ ಜ್ಯೂಸ್ ಕೂಡ ಕೊಟ್ರು."

"ಮೊಬೈಲಿಗೆ ಏನಾದರೂ ನಂಬರ್ ಬಂತಾ?"

"ಬಂತು. ಓದಿ ಹೇಳಿ ಅಂದ್ರು, ಓದಿದೆ. ನನಗೆ ಓದ್ಲಿಕ್ಕೆ ಬರ್ತದೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ ಸ್ವಲ್ಪ ಜೋರಾಗಿಯೇ ಓದಿದೆ." ಒಂದು ಬೀಡಿಗೆ ನೂಲು ಸುತ್ತಿ ಬದಿಗಿಟ್ಟು, "ಮೆಷಿನ್ ಮಾತ್ರ ಇನ್ನೂ ಬರ್ಲಿಲ್ಲ" ಎಂದರು.

ಅವರ ಗಂಡ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದರು. ಮಾತು ಕಡಿಮೆಯ ಮನುಷ್ಯ. ನಾನು ಕಾಗದ ಮಡಚುವಾಗ ಮಾತ್ರ ಕೇಳಿದರು, "ಮೇಡಂ, ಈ ಮನೆಯ ಹಕ್ಕುಪತ್ರ ಇವಳ ಹೆಸರಿನಲ್ಲಿ ಉಂಟು. ಮನೆಗೆ ಎಂತದಾದ್ರೂ ತೊಂದರೆ ಬರ್ತದಾ?"

ಅಕ್ಕನ ಬೆರಳು ಆಗ ನಿಂತಿತು. ಅವರಿಗೆ ಆ ಯೋಚನೆ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಇಲ್ಲ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. "ಬಾರದ ಹಾಗೆ ನೋಡಿಕೊಳ್ತೇನೆ" ಎಂದೆ. ಹೇಳಿದ ಮೇಲೆ, ಹೀಗೆ ಮಾತು ಕೊಡುವುದು ನಮ್ಮ ಇಲಾಖೆಯ ಕ್ರಮವಲ್ಲ ಎಂದು ನೆನಪಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲೇ ನಿರ್ಧರಿಸಿದೆ. ವಂಚನೆಯಿಂದ ಪಡೆದ ನೋಂದಣಿಯನ್ನು, ಅದನ್ನು ಕೊಟ್ಟ ದಿನದಿಂದಲೇ ರದ್ದು ಮಾಡಲು ಕಾನೂನಿನಲ್ಲಿ ಅವಕಾಶ ಉಂಟು. ಹಾಗೆ ಮಾಡಿದರೆ ಆ ಅಂಗಡಿ ಹುಟ್ಟಲೇ ಇಲ್ಲ ಎಂದಂತೆ. ಅಕ್ಕನ ತಲೆಯ ಮೇಲೆ ಏನೂ ಉಳಿಯುವುದಿಲ್ಲ. ವರದಿಯ ಕೊನೆಯಲ್ಲಿ ಅದನ್ನೇ ಶಿಫಾರಸು ಮಾಡಿ ಬರೆದು ಸಹಿ ಹಾಕಿದೆ.

ಅಧಿಕಾರಿ ವರದಿಯನ್ನು ಎರಡು ಸಲ ಓದಿದರು. ಅವರಿಗೆ ಒಪ್ಪಿಗೆಯಾಗಲಿಲ್ಲ.

"ಹಿಂದಿನ ತಾರೀಖಿನಿಂದ ರದ್ದು ಮಾಡಿದ್ರ ಏನಾಗ್ತದ ಗೊತ್ತದ ಏನ್ರೀ? ಈಕಿ ಹೆಸರಿನ ಬಿಲ್ಲು ತಗೊಂಡವರು ಎಷ್ಟು ಮಂದಿ ಅದಾರ. ಅವರು ಮುರ್ಕೊಂಡ ತೆರಿಗಿ ಎಲ್ಲಾ ವಾಪಸ್ ಕಟ್ಟಬೇಕಾಗ್ತದ. ವಕೀಲರನ್ನ ಹಿಡ್ಕೊಂಡು ನಮ್ಮ ಮ್ಯಾಲೆ ಅಪೀಲಿಗೆ ಬರ್ತಾರ. ಇವತ್ತಿನ ತಾರೀಖಿಗೆ ಮಾಡಿಬಿಟ್ರ ಎಲ್ಲಾರಿಗೂ ಆರಾಮ."

"ಅಕ್ಕನಿಗೆ ಆರಾಮ ಇಲ್ಲ ಸರ್."

ನಾನು ಪಂಪಿನ ಫೋಟೋವನ್ನು ಮೇಜಿನ ಮೇಲಿಟ್ಟೆ. "ಬರುವವರು ಬರ್ಲಿ ಸರ್. ಮಾಲು ಈ ಗೂಡಿನಿಂದ ಹೇಗೆ ಹೊರಗೆ ಬಂತು ಅಂತ ಅವರೇ ಹೇಳಬೇಕಾಗ್ತದೆ. ಕಟ್ಟಡದ ಮಾಲಕರ ಹೇಳಿಕೆ ಉಂಟು, ಅಕ್ಕನ ಹೇಳಿಕೆ ಉಂಟು, ಮೀಟರ್ ನಂಬರ್ ಉಂಟು."

ಅವರು ಫೋಟೋವನ್ನು ತುಂಬಾ ಹೊತ್ತು ನೋಡಿದರು. ಬಕೆಟ್ಟಿನ ಮೇಲೆ ಬೆರಳಿಟ್ಟು, "ಇದು ಸ್ಟಾಕ್ ಏನ್ರೀ?" ಎಂದರು. ಅವರು ಹಾಗೆ ತಮಾಷೆ ಮಾಡಿದರೆ ಅರ್ಧ ಒಪ್ಪಿದರೆಂದೇ ಅರ್ಥ. ನೋಟಿಸು ಕಳಿಸಿ, ಉತ್ತರ ನೋಡಿ, ವಿಚಾರಣೆ ಮಾಡಿ ತೀರ್ಮಾನಿಸುವ ಎಂದಾಯಿತು.

ಈ ನೋಟಿಸಿನಲ್ಲಿ ಒಂದು ಅಡ್ಡಿ ಇತ್ತು. ನಿಯಮದ ಪ್ರಕಾರ ಅದು ಹೋಗುವುದು ನೋಂದಣಿಯಲ್ಲಿ ಕೊಟ್ಟ ಇ-ಮೇಲಿಗೆ. ಆ ಇ-ಮೇಲ್ ಅಕ್ಕನದ್ದಲ್ಲ, ಹೊಲಿಗೆ ಮೆಷಿನಿನವರದ್ದು. ಹಾಗಾಗಿ ಇನ್ನೊಂದು ಪ್ರತಿಯನ್ನು ಅಂಚೆಯಲ್ಲಿ ಅಕ್ಕನ ಮನೆಗೂ ಕಳಿಸಿದೆವು. ಇ-ಮೇಲಿಗೆ ಯಾರೂ ಉತ್ತರ ಕೊಡಲಾರರು ಎಂದು ನಾವು ನಂಬಿದ್ದೆವು.

ಉತ್ತರ ಬಂತು. ಒಳ್ಳೆಯ ಇಂಗ್ಲಿಷಿನಲ್ಲಿ, ಅಕ್ಕನ ಹೆಸರಿನಲ್ಲೇ ಬಂತು. ತಾನು ಮೆಲ್ಕಾರಿನಲ್ಲಿ ಪ್ರಾಮಾಣಿಕವಾಗಿ ಗುಜರಿ ವ್ಯಾಪಾರ ನಡೆಸುತ್ತಿದ್ದೇನೆ, ಪರಿಶೀಲನೆಗೆ ಬಂದ ದಿನ ಅಂಗಡಿಗೆ ವಾರದ ರಜೆ ಇತ್ತು, ಮಹಿಳಾ ಉದ್ಯಮಿಯಾದ ನನಗೆ ಕಿರುಕುಳ ಕೊಡಬಾರದು, ನನ್ನ ಪ್ರತಿನಿಧಿ ವಿಚಾರಣೆಗೆ ಹಾಜರಾಗುತ್ತಾರೆ ಎಂದು ಬರೆದಿತ್ತು. ಅಧಿಕಾರಿ ಅದನ್ನು ಓದಿ, "ಅಕ್ಕಾರ ಇಂಗ್ಲಿಷ್ ನನಗಿಂತ ಚಲೋ ಅದ" ಎಂದರು. ನಗುತ್ತಲೇ ಹೇಳಿದರೂ ಅವರ ಮುಖದಲ್ಲಿ ಚಿಂತೆ ಇತ್ತು. ನನಗೂ ಇತ್ತು. ದಾಖಲೆಯಲ್ಲಿ ಈಗ ಇಬ್ಬರು ಅಕ್ಕಂದಿರು. ಒಬ್ಬರು ವ್ಯಾಪಾರ ನನ್ನದಲ್ಲ ಎನ್ನುತ್ತಾರೆ, ಇನ್ನೊಬ್ಬರು ನನ್ನದೇ ಎನ್ನುತ್ತಾರೆ. ಮೇಲ್ಮನವಿಯಲ್ಲಿ ಕೂತ ಅಧಿಕಾರಿ ಯಾರನ್ನು ನಂಬಿಯಾರು?

ವಿಚಾರಣೆಯ ದಿನ ಅಕ್ಕನನ್ನೂ ಬರಹೇಳಿದೆವು. ಬೆಳಗಿನ ಬಸ್ಸಿಗೆ ಬಂದು ಹೊರಗಿನ ಬೆಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕಪ್ಪು ಬ್ಯಾಗು ಹಿಡಿದ ತೆರಿಗೆ ಸಲಹೆಗಾರರೊಬ್ಬರು ಮಂಗಳೂರಿನಿಂದ ಬಂದು ಅದೇ ಬೆಂಚಿನಲ್ಲಿ ಕೂತರು. ನಾನು ಒಳಗಿನಿಂದ ನೋಡುತ್ತಿದ್ದೆ. ಅವರಿಗೆ ಬೆವರು ಹರಿಯುತ್ತಿತ್ತು. ಅಕ್ಕ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟರು. ಆಮೇಲೆ ಚಕ್ಕುಲಿಯನ್ನೂ ಕೊಟ್ಟರು. ಇಬ್ಬರೂ ಬಸ್ಸುಗಳು ನಿಲ್ಲಿಸದೆ ಹೋಗುವ ಬಗ್ಗೆ ಮಾತಾಡಿಕೊಂಡರು. ಒಬ್ಬರನ್ನೊಬ್ಬರು ಯಾರೆಂದು ಕೇಳಿಕೊಳ್ಳಲೇ ಇಲ್ಲ.

ಒಳಗೆ ಕರೆದಾಗ ಅಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು, ಸಲಹೆಗಾರರು ಅಧಿಕಾರಿಯ ಎದುರಿಗೆ. ಅವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಸರ್, ನನ್ನ ಕಕ್ಷಿದಾರರು ಈ ಭಾಗದ ಒಬ್ಬ ಪ್ರತಿಷ್ಠಿತ ಮಹಿಳಾ ಉದ್ಯಮಿ."

"ಅವರು ಬಂದಿಲ್ಲೇನು?"

"ವ್ಯಾಪಾರದ ನಿಮಿತ್ತ ಹೊರಗೆ ಹೋಗಿದ್ದಾರೆ ಸರ್. ಬಿಡುವೇ ಇಲ್ಲ ಅವರಿಗೆ."

"ನೀವು ಭೆಟ್ಟಿ ಆಗೀರಿ?"

"ಫೋನಿನಲ್ಲಿ ಸರ್. ಅವರ ಮ್ಯಾನೇಜರ್ ಮಾತಾಡಿದ್ದು."

ಅಧಿಕಾರಿ ಕಡತ ನೋಡಿ ಅಕ್ಕನ ಪೂರ್ತಿ ಹೆಸರನ್ನು ನಿಧಾನವಾಗಿ ಕೂಗಿದರು. ಅಕ್ಕ ಎದ್ದು ನಿಂತರು.

"ನಾನೇ ಸರ್. ವ್ಯಾಪಾರಕ್ಕೆ ಎಲ್ಲಿಗೂ ಹೋಗ್ಲಿಲ್ಲ. ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ."

ಸಲಹೆಗಾರರು ತಿರುಗಿ ನೋಡಿದರು. ತನಗೆ ನೀರು ಕೊಟ್ಟ ಹೆಂಗಸನ್ನು ನೋಡಿದರು, ಕೈಯಲ್ಲಿದ್ದ ಅಧಿಕಾರ ಪತ್ರವನ್ನು ನೋಡಿದರು. ಅಕ್ಕನ ಆಧಾರ್ ಕಾರ್ಡನ್ನು ನಾನು ಅವರ ಮುಂದೆ ಇಟ್ಟೆ. ಅವರ ಪತ್ರದಲ್ಲಿದ್ದ ಸಹಿ ಇಂಗ್ಲಿಷಿನಲ್ಲಿ, ಬಾಲ ಎಳೆದ ಠೀವಿಯ ಸಹಿ. ಅಕ್ಕನ ಕೈಯಲ್ಲಿ ಒಂದು ಕಾಗದದ ಮೇಲೆ ಸಹಿ ಮಾಡಿಸಿದೆವು. ಪ್ರಾಥಮಿಕ ಶಾಲೆಯಲ್ಲಿ ಕಲಿತ ದುಂಡು ಕನ್ನಡ ಅಕ್ಷರ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ವರ್ಷಗಟ್ಟಲೆ ಹಾಕುತ್ತ ಬಂದದ್ದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ 'ಪ್ರತಿನಿಧಿ'ಯ ಕಿವಿ ಕೆಂಪಾಯಿತು.

"ಸರ್, ನನಗೆ ಗೊತ್ತಿರ್ಲಿಲ್ಲ" ಎಂದರು. "ನಾನು ಈ ಅಧಿಕಾರ ಪತ್ರವನ್ನು ಹಿಂದಕ್ಕೆ ತೆಗೆದುಕೊಳ್ತೇನೆ."

ಅಕ್ಕನಿಗೆ ಅವರನ್ನು ನೋಡಿ ಪಾಪ ಅನಿಸಿರಬೇಕು. "ನಿಮ್ಮ ಫೀಸು ಬಂತಾ?" ಎಂದು ಕೇಳಿದರು.

"ಅರ್ಧ ಬಂತು."

"ಹಾಗಾದ್ರೆ ನನ್ನ ಮ್ಯಾನೇಜರ್ ಪರವಾಗಿಲ್ಲ. ನನಗೆ ಒಂದು ಹೊಲಿಗೆ ಮೆಷಿನ್ ಕೂಡ ಕೊಡ್ಲಿಲ್ಲ ಮಾರಾಯ್ರೆ."

ಅಧಿಕಾರಿ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಸಲಹೆಗಾರರೂ ಕೊನೆಗೆ ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ. ತಮಗೆ ಬಂದ ಕರೆಯ ಮೊಬೈಲ್ ನಂಬರನ್ನೂ ಫೀಸು ಬಂದ ಬ್ಯಾಂಕ್ ಖಾತೆಯ ವಿವರವನ್ನೂ ಅಲ್ಲೇ ಬರೆದು, ಸಹಿ ಮಾಡಿ ಕೊಟ್ಟು ಹೋದರು. ನಾವು ಅಷ್ಟು ದಿನ ಹುಡುಕಿದ್ದರೂ ಸಿಗದಿದ್ದ ಎಳೆ ಅದು. ನಮ್ಮ ಜಾರಿ ವಿಭಾಗದವರು ಅದನ್ನು ಹಿಡಿದು ಹೊರಟು, ಅದೇ ಮ್ಯಾನೇಜರ್ ತೆರೆದಿದ್ದ ಇನ್ನೂ ಕೆಲವು ಅಂಗಡಿಗಳನ್ನು ಪತ್ತೆ ಮಾಡಿದರು. ಬೆಳ್ತಂಗಡಿಯ ಕಡೆ, ಕಾಡಿನ ಅಂಚಿನ ನೆರಿಯದಲ್ಲಿ ಒಬ್ಬ ಅಜ್ಜಿಯ ಹೆಸರಿನಲ್ಲಿ ಸಿಮೆಂಟು ವ್ಯಾಪಾರ ನಡೆದಿತ್ತಂತೆ. ಅವನ ಮೇಲಿನ ಮೊಕದ್ದಮೆ ಈಗಲೂ ನಡೆಯುತ್ತಿದೆ. ಅದು ನನ್ನ ಕೈಯಿಂದ ಆಚೆಗಿನ ಕೆಲಸ.

ಆ ಮಧ್ಯಾಹ್ನ ಅಧಿಕಾರಿ ಆದೇಶ ಬರೆಸಿದರು. ನೋಂದಣಿಯನ್ನು ಅದು ಕೊಟ್ಟ ದಿನದಿಂದಲೇ ರದ್ದು ಮಾಡಲಾಗಿದೆ. ತಾರೀಖಿನ ಜಾಗಕ್ಕೆ ಬಂದಾಗ ಒಂದು ಕ್ಷಣ ನಿಲ್ಲಿಸಿ, "ಬರ್ಲಿ ಬಿಡ್ರಿ ಅಪೀಲಿಗೆ, ನೋಡೋಣಂತ" ಎಂದು ಸಹಿ ಹಾಕಿದರು. ಅಕ್ಕನಿಗೆ ಪ್ರತಿ ಕೊಟ್ಟು ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮನೆ?"

"ಮನೆಗೆ ಏನೂ ಇಲ್ಲ ಅಕ್ಕ."

ಅವರು ಆಗ ಮೊದಲ ಸಲ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದರು. ಕೋರೆಯ ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಇಡೀ ಕಚೇರಿಗೆ ಕೇಳಿಸಿತು.

ಇಷ್ಟಕ್ಕೆ ಎಲ್ಲ ಮುಗಿಯಿತೆಂದು ನಾನು ಎಣಿಸಿದ್ದು ತಪ್ಪು. ಆದೇಶವಾಗಿ ವಾರಗಳು ಕಳೆದರೂ ಎರಡು ಸಾವಿರ ಬರಲಿಲ್ಲ. ಯೋಜನೆಯ ಕಚೇರಿಗೆ ನಾನೇ ಹೋದೆ. ಅಲ್ಲಿನ ಅಧಿಕಾರಿಣಿ ಪಾಪ, ತಮ್ಮ ಪರದೆಯನ್ನೇ ನನ್ನ ಕಡೆ ತಿರುಗಿಸಿದರು. "ನೋಡಿ ಮೇಡಂ, ನಮ್ಮಲ್ಲಿ ಇನ್ನೂ ಜಿಎಸ್‌ಟಿ ಅಂತಲೇ ತೋರಿಸ್ತದೆ. ನಾನು ಒತ್ತಿದರೆ ತಗೊಳ್ಳುವುದಿಲ್ಲ. ಮೇಲಿನಿಂದ ಬರಬೇಕು." ಒಂದು ಕಂಪ್ಯೂಟರ್ ಒಪ್ಪಿಕೊಂಡದ್ದನ್ನು ಇನ್ನೊಂದಕ್ಕೆ ಯಾರೂ ತಿಳಿಸಿರಲಿಲ್ಲ. ಇಬ್ಬರೂ ಅಲ್ಲೇ ಕೂತು, ಎರಡೂ ಇಲಾಖೆಗಳ ಮೇಲಿನವರಿಗೆ ಒಂದೇ ಒಕ್ಕಣೆಯ ಪತ್ರ ತಯಾರು ಮಾಡಿ, ಆದೇಶದ ಪ್ರತಿ ಲಗತ್ತಿಸಿ ಕಳಿಸಿದೆವು. ಆಮೇಲೆ ನೆನಪೋಲೆ, ಮತ್ತೊಂದು ನೆನಪೋಲೆ. ಅಕ್ಕ ಆಗಾಗ ಫೋನು ಮಾಡುತ್ತಿದ್ದರು. ಒಮ್ಮೆಯೂ ಸಿಟ್ಟಿನಲ್ಲಿ ಮಾತಾಡಲಿಲ್ಲ. "ನಿಮ್ಮ ಕಂಪ್ಯೂಟರುಗಳು ಇನ್ನೂ ಮಾತು ಬಿಟ್ಟಿವೆಯಾ ಮೇಡಂ?" ಎಂದಷ್ಟೇ ಕೇಳುತ್ತಿದ್ದರು.

ಈ ನಡುವೆ ಅಪೀಲಿಗೆ ಬರುತ್ತಾರೆಂದು ಹೆದರಿದ್ದೆವಲ್ಲ, ಬಂದದ್ದು ಬೇರೆಯೇ. ಅಕ್ಕನ ಹೆಸರಿನ ಬಿಲ್ಲು ಕೊಂಡಿದ್ದ ಒಬ್ಬ ವ್ಯಾಪಾರಿ ಪಂಪಿನ ಫೋಟೋ ನೋಡಿದ ಮೇಲೆ ವಾದಕ್ಕೇ ಹೋಗದೆ, ತಾನು ಮುರಿದುಕೊಂಡಿದ್ದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿದ. ಚಲನ್ ಕೈಗೆ ಬಂದ ದಿನ ಅಧಿಕಾರಿ ನನ್ನನ್ನು ಕರೆದರು.

"ಈ ಒಂದು ಚಲನ್‌ನ್ಯಾಗ ಎಷ್ಟು ಮಂದಿ ಅಕ್ಕಾರಿಗೆ ಎರಡೆರಡು ಸಾವಿರ ಆಗ್ತದ, ಲೆಕ್ಕ ಹಾಕ್ರಿ ನೋಡೋಣ."

ಹಾಕಿದೆ. ವಾಮದಪದವಿನ ಬೆಳಗಿನ ಬಸ್ಸಿನಲ್ಲಿ ಕೂತವರು, ನಿಂತವರು, ಬಾಗಿಲಲ್ಲಿ ನೇತಾಡುವವರು ಎಲ್ಲರಿಗೂ ಹಂಚಿದರೂ ಮಿಗುತ್ತಿತ್ತು.

ಹಣ ಬಂದ ದಿನ ಅಕ್ಕನ ಫೋನು ಬಂತು. "ಬಂತು ಮೇಡಂ" ಎಂದು ಇಟ್ಟುಬಿಟ್ಟರು. ಅಷ್ಟೇ.

ಮತ್ತೆ ಅವರನ್ನು ನೋಡಿದ್ದು ಮುಂದಿನ ಮಳೆಗಾಲ ಶುರುವಾಗುವ ಮೊದಲು. ಕೆಲವು ತಿಂಗಳ ಹಣ ಒಟ್ಟು ಮಾಡಿ ಬಿ.ಸಿ. ರೋಡಿನಲ್ಲಿ ಮಿಕ್ಸಿ ತೆಗೆದುಕೊಂಡು, ಪೆಟ್ಟಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡೇ ನಮ್ಮ ಮೆಟ್ಟಿಲು ಹತ್ತಿ ಬಂದಿದ್ದರು. ಕುರ್ಚಿಯಲ್ಲಿ ಕೂತು, ಫ್ಯಾನಿನ ಕಡೆಗೆ ಸರಿದು, ಪರ್ಸಿನಿಂದ ಬಿಲ್ಲು ತೆಗೆದು ನನ್ನ ಮುಂದೆ ಹರಡಿದರು.

"ಬಿಲ್ಲು ಬೇಡ ಅಂದ್ರೆ ಇನ್ನೂರು ರೂಪಾಯಿ ಕಡಿಮೆ ಮಾಡ್ತೇನೆ ಅಂದ ಅಂಗಡಿಯವನು. ಬಿಲ್ಲೇ ಬೇಕು ಅಂದೆ."

"ಯಾವ ಅಂಗಡಿ ಅಕ್ಕ?"

"ಅದು ಹೇಳುವುದಿಲ್ಲ. ಕೊನೆಗೆ ಕೊಟ್ಟನಲ್ಲ, ಪಾಪ." ಬಿಲ್ಲಿನ ಕೆಳಗಿನ ಎರಡು ಸಾಲುಗಳ ಮೇಲೆ ಬೆರಳಿಟ್ಟರು. "ಇದು ಎಂತದು? ಒಂದೇ ಮೊತ್ತ ಎರಡು ಸಲ ಉಂಟಲ್ಲ. ನನಗೆ ಮೋಸ ಮಾಡಿದನಾ?"

"ಮೋಸ ಅಲ್ಲ. ಇದೇ ತೆರಿಗೆ. ಒಂದು ಪಾಲು ದೆಹಲಿಗೆ ಹೋಗ್ತದೆ, ಇನ್ನೊಂದು ನಮ್ಮದು."

"ನಮ್ಮದು ಅಂದ್ರೆ ನಿಮ್ಮ ಆಫೀಸಿನದ್ದಾ, ನಮ್ಮೆಲ್ಲರದ್ದಾ?"

ಇಷ್ಟು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಸ್ವಲ್ಪ ಯೋಚಿಸಿಯೇ ಹೇಳಿದೆ. "ನಮ್ಮೆಲ್ಲರದ್ದು ಅಕ್ಕ."

ಅವರು ಬಿಲ್ಲನ್ನು ಎತ್ತಿ ಆ ಸಾಲನ್ನು ಮತ್ತೊಮ್ಮೆ ಓದಿದರು. ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟು ಜಿಪ್ ಎಳೆದರು.

"ಹಾಗಾದ್ರೆ ನಮ್ಮ ದಾರಿಯ ಕುಸಿದ ಮೋರಿ ಬಗ್ಗೆ ಗ್ರಾಮಸಭೆಯಲ್ಲಿ ಎದ್ದು ಮಾತಾಡ್ಲಿಕ್ಕೆ ನನಗೆ ಹೆದರಿಕೆ ಎಂತದು" ಎಂದು ಎದ್ದು, ಮಿಕ್ಸಿಯನ್ನು ಸೊಂಟಕ್ಕೆ ಏರಿಸಿಕೊಂಡು, ವಾಮದಪದವಿನ ಬಸ್ಸು ಹಿಡಿಯಲು ಮೆಟ್ಟಿಲಿಳಿದು ಹೋದರು.